ಹಾಡುವ ಕಂಬಳಿ

ಬಹಳ ಹಿಂದಿನ ಮಾತು. ಏಳು ಗುಡ್ಡಗಳ ಆಚೆ ನೂಲಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಸತ್ತವರ ಕಂಬಳಿಯನ್ನು ಒಗೆಯುವಂತಿರಲಿಲ್ಲ, ಬಿಸಿಲಿಗೆ ಹಾಕುವಂತಿರಲಿಲ್ಲ. ಹಾಗೇ ಇಟ್ಟರೆ ಸತ್ತವರು ಸಂಜೆ ಹೊತ್ತು ಕಂಬಳಿಯೊಳಗಿಂದ ಮಾತಾಡುತ್ತಿದ್ದರು. ಈ ವರ ಕೊಟ್ಟವನು ಬೆಟ್ಟದ ಮಾಯಗಾರ ಬಕ್ಕಣ್ಣ. ಬಿಟ್ಟಿ ಸಿಕ್ಕಿದ್ದಕ್ಕೆ ಜನ ಬೆಲೆ ಕೇಳುತ್ತಾರೆಯೇ? ಕೈಮುಗಿದು ಈಸಿಕೊಂಡರು.

ಆ ರಾಜ್ಯದ ಒಂದು ಊರಿನಲ್ಲಿ ದ್ಯಾವಕ್ಕ ಎಂಬ ನೇಯುವವಳಿದ್ದಳು. ಅವಳ ಪುಟ್ಟ ಮಗಳು ಬೆಳ್ಳಿ, ತೀರಿಹೋದ ಅಜ್ಜಿಯ ಕಂಬಳಿಯಲ್ಲೇ ಮಲಗುತ್ತಿದ್ದಳು. ಕಂಬಳಿ ಜೋಗುಳ ಹಾಡುತ್ತಿತ್ತು. ದ್ಯಾವಕ್ಕನೂ ಕಿವಿಗೊಟ್ಟು, ಅತ್ತು ಹಗುರಾಗುತ್ತಿದ್ದಳು. ಬರಬರುತ್ತ ಮಗುವಿನ ಮೈಯೆಲ್ಲ ಕೆಂಪು ದದ್ದು, ಕಿವಿಯ ಹಿಂದೆ ರಕ್ತ ಹೀರಿ ಕಡಲೆ ಗಾತ್ರಕ್ಕೆ ಉಬ್ಬಿದ ಉಣುಗು. ರಾಜ್ಯದ ಬೇರೆ ಮಕ್ಕಳಿಗೂ ಹೀಗೇ ಆಗುತ್ತಿತ್ತು.

ದ್ಯಾವಕ್ಕ ಉಣುಗನ್ನು ಚರ್ಮಕ್ಕೆ ಹತ್ತಿರವಾಗಿ ಹಿಡಿದು, ಹಿಸುಕದೆ, ನೆಟ್ಟಗೆ ಕಿತ್ತು, ಬೇವಿನ ನೀರಿನಲ್ಲಿ ಗಾಯ ತೊಳೆದಳು. ಬೆಳಗಾದರೆ ಅದೇ ಜಾಗದಲ್ಲಿ ಮತ್ತೊಂದು ಉಣುಗು. ಅದನ್ನೂ ಕಿತ್ತು ಅರಿಸಿನ ಹಚ್ಚಿದಳು. ಮತ್ತೆ ಬಂತು. ಮೂರನೆಯ ಸಲ ತಣ್ಣೀರ ಬಟ್ಟೆ ಕಟ್ಟಿ, ಕೆರೆದುಕೊಳ್ಳದಂತೆ ಮಗುವಿನ ಕೈ ಹಿಡಿದು ಕೂತಳು. ಮಗು ಬಿಳಿಚಿಕೊಂಡಿತ್ತು, ಅಳಲೂ ತ್ರಾಣವಿರಲಿಲ್ಲ. ಹುತ್ತ ಬಡಿದರೆ ಹಾವು ಸಾಯುತ್ತದೆಯೇ? ಕಚ್ಚುವುದು ಎಲ್ಲಿಂದ ಬರುತ್ತದೆಂದು ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವಳಂತೆ ಇದ್ದಳು, ಅಷ್ಟೆ.

ಕೊನೆಗೆ ಹಂಡೆಯಲ್ಲಿ ನೀರು ಮರಳಿಸಿ, ಕಂಬಳಿಯನ್ನು ಎತ್ತಿ ಬಚ್ಚಲಿಗೆ ತಂದಳು.

"ದ್ಯಾವೀ, ನನ್ನ ಒಗೀಬ್ಯಾಡ ಮಗಳೇ," ಎಂದಿತು ಕಂಬಳಿ, ಅವ್ವನದೇ ದನಿಯಲ್ಲಿ. "ಒಗೆದ್ರೆ ನಾನು ಹೋಗ್ಬಿಡ್ತೀನಿ."

ದ್ಯಾವಕ್ಕ ಕುದಿನೀರಿನ ಚೊಂಬು ಎತ್ತಿಕೊಂಡಳು. ಅವಳ ಅವ್ವ, ಹಾಸಿಗೆಯನ್ನು ಬಿಸಿಲಿಗೆ ಹಾಕದವರನ್ನು ಬೈದು ಬೈದೇ ನೆರೆಹೊರೆಯ ಹಗೆ ಕಟ್ಟಿಕೊಂಡವಳು.

"ನಮ್ಮವ್ವ ಆಗಿದ್ರೆ, ಮಗು ತುರಿಸ್ಕೊಂಡ ದಿನಾನೇ ಒಗಿ ಅಂತ ಬೈತಿದ್ಲು," ಎಂದು ಕುದಿನೀರು ಸುರಿದಳು.

ಕಂಬಳಿಯಿಂದ ಕುಂಬಳಕಾಯಿ ಗಾತ್ರದ ಉಣುಗು ಉರುಳಿತು. ಅದಕ್ಕೆ ಬಕ್ಕಣ್ಣನ ಮುಖವಿತ್ತು. ಅದು ಒಡೆದು ಚೆಲ್ಲಿದ್ದು ಮಕ್ಕಳ ರಕ್ತ. ರಾಜ್ಯದ ಕಂಬಳಿಗಳೆಲ್ಲ ಒಮ್ಮೆಲೇ ಮೂಕವಾದವು, ಮಕ್ಕಳ ದದ್ದು ಮಾಯವಾಯಿತು. ರಾಜ ದ್ಯಾವಕ್ಕನಿಗೆ ಪಟ್ಟೆಸೀರೆ ಉಡಿಸಿದ. ಎಲ್ಲರೂ ಸುಖವಾಗಿದ್ದರು.

ದ್ಯಾವಕ್ಕ ಒಣಗಿದ ಕಂಬಳಿಗೆ ಮುಖ ಒತ್ತಿ ನೋಡಿದಳು. ಬಿಸಿಲಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಮಗಳ ರಕ್ತ ಹೀರುವ ಹುಳಕ್ಕೆ ಇಷ್ಟು ಕಾಲ ಅವ್ವಾ ಎಂದಿದ್ದಳಲ್ಲ, ಅದು ಒಳಗೇ ಸುಡುತ್ತಿತ್ತು.

"ಅಜ್ಜಿ ಇವತ್ತು ಹಾಡಲ್ವಾ?" ಎಂದಳು ಮೈಕೈ ತುಂಬಿಕೊಂಡ ಬೆಳ್ಳಿ, ಕಂಬಳಿಯೊಳಗೆ ತೂರಿಕೊಂಡು.

"ಅಜ್ಜಿ ಸತ್ತುಹೋಗಿದಾಳೆ, ಕಂದ."

ದ್ಯಾವಕ್ಕ ತಾನೇ ಜೋಗುಳ ಶುರುಮಾಡಿದಳು. ಎರಡು ಸಾಲಿನ ಮುಂದೆ ನೆನಪಾಗಲಿಲ್ಲ. ಕಂಬಳಿಯೇ ಹಾಡುತ್ತಿದ್ದಾಗ ಅವಳು ಯಾಕೆ ಕಲಿತಾಳು?