ನಡುವಿನ ಒಂದು ತಾಸು

ಗಾಳಿಗೆ ಜಗ್ಗದ ಮನೆ ಕಟ್ಟುತ್ತೇವೆಂದು ಬಂದವರ ಇಟ್ಟಿಗೆಯೇ ಗಾಳಿಗೆ ಹಾರಿಹೋದರೆ ಊರವರು ನಗದೆ ಇರುತ್ತಾರೆಯೇ? ಹಚ್ಚೊಳ್ಳಿಯಲ್ಲಿ ಆ ದಿನ ಆದದ್ದು ಅದೇ. ಬಸ್ಸಿಳಿದು ಬಂದ ಸುಮೇಧಾಳಿಗೆ ಮೊದಲು ಕಂಡದ್ದು ಭತ್ತದ ಗದ್ದೆಯೊಳಗೆ ಉರುಳುತ್ತಿದ್ದ ಒಂದು ಬಿಳಿ ಥರ್ಮಾಕೋಲ್ ಬ್ಲಾಕು, ಅದರ ಹಿಂದೆ ಲುಂಗಿ ಎತ್ತಿ ಕಟ್ಟಿ ಓಡುತ್ತಿದ್ದ ಒಬ್ಬ ಗಂಡಸು.

ಮೊಣಕಾಲ ತನಕ ಕೆಸರು ಮಾಡಿಕೊಂಡು ಬಂದವನೇ ಬ್ಲಾಕನ್ನು ಅವಳ ತೋಳಿಗೆ ತುರುಕಿದ. "ಗಟ್ಟ್ಯಾಗಿ ಹಿಡೀರಿ ಅಕ್ಕಾರ. ಇನ್ನೊಂದು ಹೊಂಟೈತಿ."

ತನಗಿಂತ ಅಗಲವಾದ ಆ ಬ್ಲಾಕನ್ನು ಅಪ್ಪಿಕೊಂಡು ಅವಳು ಹತ್ತು ನಿಮಿಷ ನಿಂತಳು. ಉಳಿದವನ್ನೆಲ್ಲ ಹಗ್ಗ ಬಿಗಿದು ಕಟ್ಟಿ ಬಂದ ಮೇಲೆ ಅವನಿಗೆ ಅವಳ ನೆನಪಾಯಿತು. "ನೀವು ಯಾರ ಪೈಕಿ?"

"ಬಳ್ಳಾರಿ ಆಫೀಸಿನ ಪೈಕಿ," ಬ್ಲಾಕಿನ ಹಿಂದಿನಿಂದ ಉತ್ತರ ಬಂತು. "ಇಂಜಿನಿಯರ್."

ಅವನ ಮುಖ ಒಮ್ಮೆ ಬಿಳಿಚಿತು, ಆಮೇಲೆ ನಕ್ಕ. ನಗು ಮೊದಲು ಕಣ್ಣಿಗೆ ಬಂದು, ಬಾಯಿಗೆ ಬರಲು ಅನುಮತಿ ಕೇಳಿದಂತಿತ್ತು. ಹೆಸರು ಗುರುಸ್ವಾಮಿ, ಊರು ಕುರುಗೋಡು, ಕೆಲಸ ಮೇಸ್ತ್ರಿ. ಅಪ್ಪ, ಅಜ್ಜ ಎಲ್ಲ ಕಲ್ಲು ಒಡೆದವರು.

ಹಿಂದಿನ ಬೇಸಿಗೆಯ ಬಿರುಗಾಳಿಗೆ ಊರಿನಲ್ಲಿ ಐದು ಮನೆ ಬಿದ್ದಿದ್ದವು. ಅವುಗಳಲ್ಲಿ ಸಾವಂತ್ರಮ್ಮ ಎಂಬ ವಿಧವೆಯ ಮನೆಯ ಮೇಲಿನ ತಗಡು ಕಾಲುವೆಯ ಆಚೆ ಸಿಕ್ಕಿತ್ತು. ಗೋಡೆ ಅವಳ ಕಾಲ ಮೇಲೆ ಬಿದ್ದಿತ್ತು. ಅಂದಿನಿಂದ ಕುಂಟುತ್ತಾಳೆ. ಒಂದು ಸೇವಾಸಂಸ್ಥೆ ಐವರಿಗೂ ಹೊಸ ಬಗೆಯ ಮನೆ ಕಟ್ಟಿಸಲು ಮುಂದೆ ಬಂದಿತ್ತು. ಒಳಗೆ ಟೊಳ್ಳಾದ ಥರ್ಮಾಕೋಲ್ ಬ್ಲಾಕುಗಳನ್ನು ಒಂದರ ಮೇಲೊಂದು ಜೋಡಿಸಿ, ಟೊಳ್ಳಿನಲ್ಲಿ ಕಬ್ಬಿಣ ನಿಲ್ಲಿಸಿ, ಕಾಂಕ್ರೀಟು ತುಂಬುವುದು. ಗೋಡೆಗೆ ಎರಡೂ ಕಡೆ ಥರ್ಮಾಕೋಲು ಹೊದಿಕೆಯಾಗಿ ಉಳಿಯುತ್ತದೆ. ಬಿಸಿಲೂ ಒಳಗೆ ಬಾರದು, ಗಾಳಿಗೂ ಅಲುಗದು.

"ಟಿವಿ ಡಬ್ಬಿಯಾಗ ಬರೂ ಸಾಮಾನಲ್ಲೇನ್ರಿ ಇದು?" ಎಂದಳು ಸಾವಂತ್ರಮ್ಮ. "ಇದರಾಗ ನನ್ನ ಇಡಾಕ ನಾ ಏನ್ ಟಿವಿನಾ?"

ಗುರುಸ್ವಾಮಿಗೂ ನಂಬಿಕೆ ಇರಲಿಲ್ಲ. "ಕಲ್ಲಂದ್ರ ಒಳಗೂ ಹೊರಗೂ ಒಂದ ರೀ ಮೇಡಂ. ಇದು ಮ್ಯಾಲ ಮೆತ್ತಗ, ಒಳಗ ಗಟ್ಟಿ. ನಂಬೂದು ಹೆಂಗ?"

"ಕೆಲವರಿಗಿಂತ ವಾಸಿ ಅಲ್ಲೇನು," ಎಂದಳು ಸುಮೇಧಾ. "ಮ್ಯಾಲೆ ಗಟ್ಟಿ, ಒಳಗ ಥರ್ಮಾಕೋಲು."

ಕೆಲಸದವರೆಲ್ಲ ನಕ್ಕರು. ಅವನೂ ನಕ್ಕ. ತಮಾಷೆಗೆ ಅಂದ ಮಾತು ಎಷ್ಟು ದೂರ ಹೋಗುತ್ತದೆಂದು ಅಂದವರಿಗೆ ಗೊತ್ತಿರುವುದಿಲ್ಲ.

ಈ ಗೋಡೆಗೆ ಒಂದು ನಿಯಮವಿದೆ. ಕಾಂಕ್ರೀಟನ್ನು ಒಂದೇ ಉಸಿರಿಗೆ ಮೇಲಿನ ತನಕ ತುಂಬುವಂತಿಲ್ಲ. ಭಾರಕ್ಕೆ ಬ್ಲಾಕಿನ ಹೊಟ್ಟೆ ಒಡೆಯುತ್ತದೆ. ಮನೆಯ ಸುತ್ತ ಆಳೆತ್ತರಕ್ಕಿಂತ ಕಡಿಮೆ ಒಂದು ಸುತ್ತು ತುಂಬಬೇಕು, ಅದು ಬಿಗಿಯಲು ಒಂದು ತಾಸು ಬಿಡಬೇಕು, ಆಮೇಲೆ ಮುಂದಿನ ಸುತ್ತು. ಮೂರು ಸುತ್ತಿಗೆ ಗೋಡೆ ಮುಗಿಯುತ್ತದೆ. ನಡುವಿನ ಎರಡು ತಾಸು ಯಾರಿಗೂ ಕೆಲಸವಿಲ್ಲ. ಕೆಲಸದವರು ಬೀಡಿ ಸೇದುತ್ತಾರೆ, ಮಲಗುತ್ತಾರೆ. ಗುರುಸ್ವಾಮಿ, ಸುಮೇಧಾ ಕಾಲುವೆ ದಂಡೆಯ ಬೇವಿನ ಮರದಡಿ ಕೂರುತ್ತಿದ್ದರು.

ಮೊದಲನೇ ಮನೆಯ ತಾಸಿನಲ್ಲಿ ಕಾಂಕ್ರೀಟಿನ ಮಾತಷ್ಟೇ ಆಯಿತು. ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು ಎಂದು ಪ್ರತಿ ಸುತ್ತಿಗೂ ಹಾಳೆಯಲ್ಲಿ ಬರೆಯುವುದನ್ನು ಅವಳು ಅವನಿಗೆ ಕಲಿಸಿದಳು. ಅವನು ಸಾಲಿ ಹುಡುಗನಂತೆ ನಾಲಿಗೆ ಹೊರಗಿಟ್ಟು ಬರೆದ. "ಅಂದಾಜಿಗೆ ಬರದ್ರ ನಡೀತದ," ಎಂದು ಕೆಣಕಿದಳು.

"ಇಲ್ರಿ. ಗೋಡಿ ವಿಷಯದಾಗ ಸುಳ್ಳು ಬರದ್ರ ಯಾರದಾರ ತಲಿ ಮ್ಯಾಲ ಬೀಳತೈತಿ."

ಆ ಮಾತಿಗೇ ಅವಳ ಮನಸ್ಸು ಅವನ ಕಡೆ ಒಂದು ಗೇಣು ಜರುಗಿದ್ದು.

ಎರಡನೇ ಮನೆಯ ತಾಸಿಗೆ ಸಾವಂತ್ರಮ್ಮ ರೊಟ್ಟಿ, ಪುಂಡಿಪಲ್ಯ ಕಳಿಸಿದಳು. ಸುಮೇಧಾ ಹಿಂಜರಿದಳು, ಅವಳ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಗುರುಸ್ವಾಮಿ ನೆಲ ನೋಡುತ್ತ ಅಂದ, "ಬಳ್ಳೊಳ್ಳಿ ಹಾಕಬ್ಯಾಡ ಅಂತ ಹೇಳೀನ್ರಿ. ಬಳ್ಳೊಳ್ಳಿ ಇಲ್ಲದ್ದು ಪುಂಡಿಪಲ್ಯ ಏನೋ ಅಂತ ಮುದುಕಿ ನನಗ ಬೈದೈತಿ."

ಸಿಮೆಂಟಿಗೆ ಬಿರಿದ ಅವನ ಬೆರಳು ನೋಡಿ ಅವಳು ಮುಂದಿನ ಸಲ ಮುಲಾಮಿನ ಸಣ್ಣ ಡಬ್ಬಿ ತಂದುಕೊಟ್ಟಳು. ತಿಂಗಳಾದರೂ ಬೆರಳು ಹಾಗೇ ಇದ್ದವು. ಡಬ್ಬಿ ಅಂಗಿಯ ಜೇಬಿನಲ್ಲಿ ದುಂಡಗೆ ಕಾಣುತ್ತಿತ್ತು.

"ಯಾಕ ಹಚ್ಕೊಂಡಿಲ್ಲ?"

"ಹಚ್ಕೊಂಡ್ರ ತೀರಿಹೋಗತೈತಿ."

ಅವಳು ಮುಖ ತಿರುಗಿಸಿ ಕಾಲುವೆಯ ನೀರು ನೋಡಿದಳು. ಕೆನ್ನೆ ಬಿಸಿಯಾಗಿತ್ತು. ಕೊಟ್ಟದ್ದನ್ನು ಬಳಸದೆ ಕಾಪಾಡುವ ಗಂಡಸು ಎಂಥವನೆಂದು ಆಗ ಯೋಚಿಸಬೇಕಿತ್ತು. ಇಪ್ಪತ್ತೇಳರ ವಯಸ್ಸಿಗೆ ಅದು ಪ್ರೀತಿಯಾಗಿಯೇ ಕಾಣುತ್ತದೆ, ಅವಳ ತಪ್ಪಲ್ಲ.

ನಾಲ್ಕನೇ ಮನೆಯ ತಾಸಿನಲ್ಲಿ ಅವಳೇ ಬಾಯಿಬಿಟ್ಟಳು. "ಮನಿಯೊಳಗ ರಾಯಚೂರಿನ ಸಂಬಂಧ ನೋಡ್ಲಿಕ್ಕೆ ಹತ್ಯಾರ. ವೇದವ್ಯಾಸ ಅಂತ, ಬ್ಯಾಂಕಿನ್ಯಾಗ ಇದ್ದಾನ."

ಗುರುಸ್ವಾಮಿ ನೆಲದಿಂದ ಒಂದು ಬೆಣಚುಕಲ್ಲನ್ನು ಹೆಕ್ಕಿ ಅಂಗೈಯಲ್ಲಿ ತಿರುವಿದ. ಆಮೇಲೆ ಅವಳ ಕೈಯನ್ನು ತೆಗೆದುಕೊಂಡು ಆ ಕಲ್ಲನ್ನು ಅದರೊಳಗಿಟ್ಟು ಬೆರಳು ಮಡಚಿದ. "ನಿಮ್ಮ ಅಪ್ಪಾರಿಗೆ ನಾ ಕೇಳ್ತೀನ್ರಿ."

ಆ ಕಲ್ಲನ್ನು ಅವಳು ಬಳ್ಳಾರಿಯ ತನಕ ಬಿಗಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋದಳು. ಕಂಡಕ್ಟರು ಚಿಲ್ಲರೆ ಕೊಟ್ಟಾಗಲೂ ಎಡಗೈ ಚಾಚಿದಳು.

ಪಾರ್ವತಿನಗರದ ಮನೆಯಲ್ಲಿ ಅಪ್ಪ ಜಯತೀರ್ಥರು ಮಗಳ ಮಾತು ಪೂರ್ತಿ ಕೇಳಿದರು. ಮೂವತ್ತು ವರ್ಷ ಗಣಿತ ಕಲಿಸಿದವರು. ಲೆಕ್ಕದ ನಡುವೆ ಮಾತಾಡುವ ಅಭ್ಯಾಸವಿರಲಿಲ್ಲ. ಅಮ್ಮ ಗಂಗಾಬಾಯಿ ಅಡಿಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಜಾತಿ, ನಿಮ್ಮಮ್ಮನ ಅಳು, ಮಂದಿ ಮಾತು, ಅದನ್ನೆಲ್ಲಾ ನಾ ನೋಡ್ಕೋತೀನಿ," ಎಂದರು ಜಯತೀರ್ಥರು. "ಆದರ ಮಗಳ ಕಡಿಂದ ಹೇಳಿ ಕಳಸೋ ಹುಡುಗ ನನಗ ಬ್ಯಾಡ. ಅವನ ಬಾಯಿಲೆ ಒಂದು ಸಲ ಕೇಳಲಿ. ಗುರುವಾರ ನಾಲ್ಕಕ್ಕ ರಾಯಚೂರಿನವರು ಬರ್ತಾರ. ಅದರೊಳಗ ಅವನ ಫೋನ್ ಬಂದ್ರ, ಬರೋದು ಬ್ಯಾಡ ಅಂತ ನಾನೇ ಅವರಿಗೆ ಹೇಳ್ತೀನಿ. ನೀ ಇವತ್ತೊಂದು ಸಲ ಅವನಿಗೆ ತಿಳಿಸು. ಗುರುವಾರ ಮಾತ್ರ ನೆನಪು ಮಾಡಬ್ಯಾಡ."

ಅವಳಿಗೆ ಕುಣಿಯಬೇಕೆನಿಸಿತು. ಇಷ್ಟು ಸಣ್ಣ ಬೆಲೆಗೆ ಇಷ್ಟು ದೊಡ್ಡದು ಸಿಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಫೋನಿನಲ್ಲಿ ಗುರುಸ್ವಾಮಿಗೆ ಎಲ್ಲ ಹೇಳಿ ಅಪ್ಪನ ನಂಬರು ಕೊಟ್ಟಳು. "ಮಾಡ್ತೀನ್ರಿ," ಎಂದ. ದನಿ ಸ್ವಲ್ಪ ಒಣಗಿತ್ತು. ಸಂತೋಷಕ್ಕೆ ಎಂದುಕೊಂಡಳು.

ಗುರುವಾರ ಕೊನೆಯದಾದ ಸಾವಂತ್ರಮ್ಮನ ಮನೆಗೆ ಕಾಂಕ್ರೀಟು. ಸುಮೇಧಾ ರಜೆ ಹಾಕಿ ಮನೆಯಲ್ಲಿದ್ದಳು. ಎಂಟಕ್ಕೆ ಮೊದಲ ಸುತ್ತು ಶುರುವಾಗಿರುತ್ತದೆ. ಹತ್ತೂವರೆಗೆ ಮುಗಿಯುತ್ತದೆ, ಆಗ ನಮ್ಮ ತಾಸು, ಆಗ ಫೋನು ಬರುತ್ತದೆ. ಬರಲಿಲ್ಲ. ಮಧ್ಯಾಹ್ನ ಎರಡನೇ ತಾಸು. ಆಗಲೂ ಬರಲಿಲ್ಲ. ಜಯತೀರ್ಥರು ಫೋನನ್ನು ಚಾರ್ಜಿಗೆ ಹಾಕಿ ಅದರ ಪಕ್ಕ ಕುರ್ಚಿ ಎಳೆದು ಕೂತಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಒಮ್ಮೆ ಫೋನು ಹೊಡೆದುಕೊಂಡಿತು; ತಂದೆ, ಮಗಳು ಇಬ್ಬರೂ ಎದ್ದು ನಿಂತರು. ಸಾಲ ಬೇಕೇ ಎಂದು ಯಾವುದೋ ಹೆಣ್ಣುದನಿ ಕೇಳಿತು.

ನಾಲ್ಕಕ್ಕೆ ರಾಯಚೂರಿನವರು ಬಂದರು. ಅವಳು ಕಾಫಿ ಕೊಟ್ಟಳು. ವೇದವ್ಯಾಸ ಒಳ್ಳೆಯವನಂತೆ ಕಂಡ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಹುಡುಗಿ ಒಪ್ಪಿಗೆ ಎಂದು ಹೇಳಿಯೇ ಅವರು ಹೋದರು. ಆರಕ್ಕೆ ಗುರುಸ್ವಾಮಿಯ ಮೆಸೇಜು: "ಕಾಂಕ್ರೀಟ್ ನಡುವ ಬಿಡಾಕ ಆಗಲಿಲ್ಲ. ಪಂಪ್ ಕೆಟ್ಟಿತ್ತು. ತಪ್ಪು ತಿಳೀಬ್ಯಾಡ್ರಿ."

ಮೆಸೇಜನ್ನು ಅಪ್ಪನಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಇರಬಹುದು. ನಿಶ್ಚಯಕ್ಕ ಇನ್ನೂ ಒಂದು ತಿಂಗಳು ಅದ. ಅಲ್ಲೀತನಕ ನನ್ನ ಫೋನು ಚಾರ್ಜಿನ್ಯಾಗ ಇರ್ತದ."

ಅವಳು ನಂಬಿದಳು, ಶನಿವಾರದ ತನಕ. ಶನಿವಾರ ಆಫೀಸಿಗೆ ಗೋಡೆಯ ಹಾಳೆ ಬಂತು, ಗುರುಸ್ವಾಮಿಯ ದುಂಡು ಅಕ್ಷರದಲ್ಲಿ. ಮೊದಲ ಸುತ್ತು ಮುಗಿದದ್ದು ಹತ್ತು ಇಪ್ಪತ್ತಕ್ಕೆ, ಎರಡನೆಯದು ಶುರುವಾದದ್ದು ಹನ್ನೊಂದೂವರೆಗೆ. ಅದು ಮುಗಿದದ್ದು ಒಂದು ಹತ್ತಕ್ಕೆ, ಮೂರನೆಯದು ಶುರುವಾದದ್ದು ಎರಡೂಕಾಲಿಗೆ. ಪಂಪು, ಮಿಕ್ಸರು ಎಲ್ಲ ಸುಸ್ಥಿತಿ ಎಂದು ಕೆಳಗೆ ಸಹಿ. ಗೋಡೆಯ ವಿಷಯದಲ್ಲಿ ಅವನು ಸುಳ್ಳು ಬರೆದಿರಲಿಲ್ಲ. ಸುಳ್ಳು ಬರೆದದ್ದು ಅವಳಿಗೆ ಮಾತ್ರ.

ಆಮೇಲಿನ ದಿನಗಳಲ್ಲಿ ಅವನ ಫೋನನ್ನು ಅವಳು ಎತ್ತಲಿಲ್ಲ. ಅಪ್ಪನ ಫೋನಿಗಂತೂ ಅವನು ಮಾಡಲೇ ಇಲ್ಲ.

ಏಪ್ರಿಲ್‌ನಲ್ಲಿ, ನಿಶ್ಚಯಕ್ಕೆ ಎಂಟು ದಿನ ಇರುವಾಗ, ಕೊನೆಯ ಮನೆಯನ್ನು ಪರೀಕ್ಷಿಸಿ ಸಹಿ ಹಾಕಲು ಸುಮೇಧಾ ಹಚ್ಚೊಳ್ಳಿಗೆ ಹೊರಟಳು. ಬಳ್ಳಾರಿಯಿಂದ ಸಿರುಗುಪ್ಪ, ಅಲ್ಲಿ ಬಸ್ಸು ಬದಲು. ಆ ದಾರಿಯುದ್ದಕ್ಕೂ ತನಗೇ ನಾಚಿಕೆಯಾಗುವಂಥ ಒಂದು ಆಸೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು: ಇವತ್ತು ಅವನು ಅಪ್ಪನ ಹತ್ತಿರ ಮಾತಾಡಿದರೆ ರಾಯಚೂರಿನ ಸಂಬಂಧ ಬಿಡುತ್ತೇನೆ.

ಅವಳು ಮನೆಯ ಅಂಗಳ ಮುಟ್ಟುವ ಹೊತ್ತಿಗೆ ಆಕಾಶ ಕಪ್ಪಗೆ ಕದಡಿತು. ಎರೆಮಣ್ಣಿನ ದೂಳು ಎದ್ದು ಊರು ಮುಚ್ಚಿತು, ಯಾರದೋ ಹಿತ್ತಲಿನ ತಗಡು ಹಾರಿತು. "ಒಳಗ ಬರ್ರಿ, ಇಬ್ರೂ," ಎಂದು ಸಾವಂತ್ರಮ್ಮ ಅವಳನ್ನೂ ಅಂಗಳದಲ್ಲಿ ಕಾದಿದ್ದ ಗುರುಸ್ವಾಮಿಯನ್ನೂ ಎಳೆದುಕೊಂಡು ಬಾಗಿಲು ಜಡಿದಳು.

ಒಳಗೆ ಮೌನ. ಕಿಟಕಿಯ ಗಾಜಿನಾಚೆ ಬೇವಿನ ಮರ ನೆಲ ಮುಟ್ಟುವಂತೆ ಬಾಗುತ್ತಿತ್ತು, ಆದರೆ ಸದ್ದು ಗೋಡೆ ದಾಟಿ ಬರುತ್ತಿರಲಿಲ್ಲ. ಸಾವಂತ್ರಮ್ಮ ಗೋಡೆಗೆ ಅಂಗೈ ಒತ್ತಿ ನಿಂತಳು. "ಅಲುಗವಲ್ದು ಯವ್ವಾ," ಎಂದು ಹೇಳಿ ಚಹಾ ಇಡಲು ಒಳಗೆ ಹೋದಳು.

ಸುಮೇಧಾ ಚೀಲದಿಂದ ಹಾಳೆ ತೆಗೆದಳು. "ಪಂಪ್ ಕೆಟ್ಟಿತ್ತು ಅಂತ ಬರದಿದ್ರಿ."

ಅವನು ಹಾಳೆ ನೋಡಲಿಲ್ಲ. "ಕೆಟ್ಟಿರಲಿಲ್ರಿ."

"ಎರಡು ತಾಸು ಇತ್ತು. ನಮ್ಮ ತಾಸು."

"ಬೇವಿನ ಮರದ ಕೆಳಗ ಕುಂತಿದ್ನಿ. ನಂಬರ್ ಒತ್ತಿ ಅಳಿಸಿದ್ನಿ, ಮೂರು ಸಲ. ಏನ್ ಓದೀಯಪ್ಪಾ ಅಂತ ಕೇಳಿದ್ರ ಏನ್ ಹೇಳ್ಲಿ ಅವ್ರಿಗೆ? ಒಲ್ಲೆ ಅಂದ್ರ ಅಲ್ಲಿಗೆ ಮುಗೀತು. ಕೇಳದಿದ್ರ..."

"ಕೇಳದಿದ್ರ?"

"ಕೇಳದಿದ್ರ ಯಾರೂ ಒಲ್ಲೆ ಅಂದಂಗ ಆಗೂದಿಲ್ಲಲ್ರಿ."

ಅವಳಿಗೆ ಸಿಟ್ಟು ಬಂತು, ಕನಿಕರವೂ ಬಂತು. "ನಮ್ಮಪ್ಪ ಆ ದಿನ ಊಟಕ್ಕೂ ಏಳಲಿಲ್ಲ, ಗುರುಸ್ವಾಮಿ. ಹೂಂ ಅನ್ಲಿಕ್ಕೆ ಅಂತ ಕೂತಿದ್ರು," ಎಂದಳು. ಅವನು ತಲೆ ಎತ್ತಿದ. ಆ ಕಣ್ಣನ್ನು ಅವಳು ಮರೆಯಲಾರಳು. ಅವಳು ಫೋನು ತೆಗೆದು ಅಪ್ಪನ ನಂಬರು ಒತ್ತಿದಳು. ಮೊದಲ ರಿಂಗಿಗೇ ಎತ್ತಿದರು.

"ಆ ಕಡೆ ಗಾಳಿ ಅಂತಲ್ಲ. ಎಲ್ಲಿದ್ದೀ?"

"ಹಚ್ಚೊಳ್ಳಿಯೊಳಗಪ್ಪಾ. ಗಟ್ಟಿ ಮನಿಯೊಳಗಿದ್ದೀನಿ."

ಜಯತೀರ್ಥರು ದನಿ ತಗ್ಗಿಸಿದರು. "ಗುರುಸ್ವಾಮಿಯವರು ಅಲ್ಲೇ ಇದ್ದಾರೇನು? ಮಾತಾಡ್ತಾರಂದ್ರ ಕೊಡು."

ಸುಮೇಧಾ ಫೋನು ಚಾಚಿದಳು. ಗುರುಸ್ವಾಮಿಯ ಕೈ ಎದ್ದಿತು, ಬಿರುಕು ಬಿಟ್ಟ ಆ ಐದು ಬೆರಳು. ಅರ್ಧ ದಾರಿಗೆ ಬಂದು ಹಿಂದೆ ಸರಿಯಿತು, ಜೇಬಿನ ಮೇಲೆ ಹೋಗಿ ಕೂತಿತು. ಮುಲಾಮಿನ ಡಬ್ಬಿ ಅಲ್ಲೇ ದುಂಡಗೆ ಇತ್ತು.

"ಗಾಳಿ ನಿಲ್ಲಲಿ ರೀ," ಎಂದ, ಪಿಸುದನಿಯಲ್ಲಿ. "ಗಾಳಿ ನಿಂತ ಮ್ಯಾಲ ಮಾತಾಡ್ತೀನಿ."

ಆ ಮನೆಯೊಳಗೆ ಗಾಳಿಯ ಸದ್ದೇ ಇರಲಿಲ್ಲ.

ಅವಳು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡಳು. "ಇಲ್ಲಪ್ಪಾ. ಅವರು ಕೆಲಸದಾಗ ಇದ್ದಾರ. ನಡುವ ಬಿಡ್ಲಿಕ್ಕೆ ಆಗೂದಿಲ್ಲಂತ."

ಬಿರುಗಾಳಿಯಲ್ಲಿ ಯಾವ ಕೆಲಸ ಎಂದು ಜಯತೀರ್ಥರು ಕೇಳಲಿಲ್ಲ. "ಆಯ್ತವ್ವಾ," ಎಂದರು. "ಬಸ್ಸು ಹತ್ತಿದ ಮ್ಯಾಲೆ ಹೇಳು." ಫೋನು ಇಟ್ಟರು.

ಗೋಡೆಯಲ್ಲಿ ದೋಷವಿಲ್ಲ ಎಂದು ಬರೆದು ಅವಳು ಹಾಳೆಗೆ ಸಹಿ ಹಾಕಿದಳು. ಸಾವಂತ್ರಮ್ಮ ಮೂರು ಲೋಟ ಚಹಾ ತಂದಳು, ಇಬ್ಬರ ಮುಖ ನೋಡಿ ತನ್ನ ಲೋಟ ಹಿಡಿದು ಗೋಡೆಗೊರಗಿ ಕೂತಳು. ಗಾಳಿ ನಿಲ್ಲಲು ಸರಿಯಾಗಿ ಒಂದು ತಾಸು ಹಿಡಿಯಿತು.

ಬಾಗಿಲು ತೆರೆದರೆ ಹೊರಗೆ ಎಲ್ಲ ತಣ್ಣಗಾಗಿತ್ತು. ಸುಮೇಧಾ ಹೊಸ್ತಿಲಲ್ಲಿ ಕೂತು ಚಪ್ಪಲಿಯ ಪಟ್ಟಿ ಕಟ್ಟಿಕೊಂಡಳು. ಒಂದು ಸಲ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು. ಬೆನ್ನ ಹಿಂದೆ ಗುರುಸ್ವಾಮಿ ಗಂಟಲು ಸರಿಮಾಡಿಕೊಂಡ. ಅವಳು ಉಸಿರು ಹಿಡಿದಳು.

"ಸಿರುಗುಪ್ಪದ ಬಸ್ಸು ಐದಕ್ಕ ಐತ್ರಿ," ಎಂದ.

"ಗೊತ್ತದ," ಎಂದು ಅವಳು ಎದ್ದಳು.