ಮುಟ್ಟದೆ ಹಚ್ಚಿದ ಶಾಯಿ

ಕುಡುಗೋಲಿನ ತುದಿ ನನ್ನ ಗಂಟಲಿಗೆ ತಾಗಿ ನಿಂತಿತ್ತು.

ತಣ್ಣಗೆ.

"ಹುಲಿಗೇಶ, ಇವರಾಗ ಒಬ್ಬಾಕಿ ಬೂತಿನ ಕಡೆ ಹೋದ್ರೂ ನಿನ್ನ ಹೆಣ ಕಾಲುವ್ಯಾಗ ತೇಲತೈತಿ."

ಹೇಳಿದವನು ಅಮರಗುಂಡಪ್ಪ. ಸಿಂಧನೂರಿನಲ್ಲಿ ನರ್ಸಿಂಗ್ ಕಾಲೇಜು, ರೈಸ್ ಮಿಲ್ಲು ಎರಡೂ ಇಟ್ಟವನು. ಕುಡುಗೋಲು ಹಿಡಿದವನು ಅವನ ಡ್ರೈವರ್. ನಾನು? ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಯಾರ ಕೆಲಸವಾದರೂ ಮಾಡಿಸಿಕೊಡುವವನು. ಆ ಬೆಳಿಗ್ಗೆ ಬಳಗಾನೂರಿನ ಕೇರಿಯ ಹೆಂಗಸರನ್ನು ಟ್ರ್ಯಾಕ್ಟರಿನಲ್ಲಿ ತಂದು ಅವನ ಮಿಲ್ಲಿಗೆ ಇಳಿಸಿದ್ದೆ.

ಮತದಾನದ ದಿನ. ಅವನ ತಮ್ಮ ಚುನಾವಣೆಗೆ ನಿಂತಿದ್ದ. ಕೇರಿಯ ಓಟು ಅವನಿಗೆ ಬೀಳುವುದಿಲ್ಲ... ಆದ್ದರಿಂದ ಯಾರಿಗೂ ಬೀಳಬಾರದು!

ಈ ಹೆಂಗಸರ ಮಕ್ಕಳು ಅವನ ಕಾಲೇಜಿನಲ್ಲೇ ಓದಿದವರು. ಸರ್ಕಾರದ ಸ್ಕಾಲರ್‌ಶಿಪ್ ಬರಲಿಲ್ಲ. ಫೀ ಬಾಕಿ ಎಂದು ಎಲ್ಲರ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಹಿಡಿದಿಟ್ಟುಕೊಂಡ. ಆದೆಮ್ಮನ ಮಗಳು ಭಾರತಿಗೆ ಮಸ್ಕಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ನಾಳೆಯೊಳಗೆ ಒರಿಜಿನಲ್ ತೋರಿಸದಿದ್ದರೆ ಅದು ಬೇರೆಯವರಿಗೆ.

ಇವತ್ತು ಸಾಹೇಬ ದಾನಶೂರನಾಗಿದ್ದ. ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಿ, ಕಾರ್ಡ್ ಒಯ್ಯಿರಿ. ಶಾಯಿ ಬಿದ್ದ ಬೆರಳನ್ನು ಬೂತಿನೊಳಗೆ ಬಿಡುವವರು ಯಾರು?

"ದೂರ ನಿಂತು ಕೈ ಚಾಚ್ರಿ," ಅಂದ.

ತಾನೇ ಹಚ್ಚಿದ. ಉದ್ದನೆಯ ಕಡ್ಡಿಯ ತುದಿಯಿಂದ. ಒಬ್ಬರ ಬೆರಳನ್ನೂ ಮುಟ್ಟಲಿಲ್ಲ. ಕಾರ್ಡನ್ನೂ ಕೈಗೆ ಕೊಡಲಿಲ್ಲ... ಅಕ್ಕಿ ಚೀಲದ ಮೇಲೆ ಎಸೆದ. ಇವರ ದುಡ್ಡು ಎಣಿಸುವಾಗ ಆಗದ ಮೈಲಿಗೆ, ಇವರ ಕೈ ಮುಟ್ಟಿದರೆ ಆಗುತ್ತಿತ್ತು!

ನಾನು ಆದೆಮ್ಮನ ಕೈ ನೋಡಿದೆ. ಮಿರಮಿರ ಮಿಂಚುತ್ತಿತ್ತು.

ಬಾಯಿ ಮುಚ್ಚಿಕೊಂಡೆ.

ಟ್ರ್ಯಾಕ್ಟರ್ ಗೇಟು ದಾಟಿದ್ದೇ ತಡ, ಆದೆಮ್ಮ ಬೆರಳನ್ನು ಸೆರಗಿಗೆ ಗಟ್ಟಿಯಾಗಿ ಒರೆಸಿದಳು. ಶಾಯಿ ಸೆರಗಿಗೆ ಹೋಯಿತು.

"ನಾಟಿ ಹಚ್ಚೋ ಕೈ, ತಮ್ಮಾ. ಕೆಸರು ಚರ್ಮ ತಿನ್ನಬಾರದಂತ ಮುಂಜಾನೆನ ಔಡಲೆಣ್ಣಿ ಬಡಕೊಂಡಿರ್ತೀವಿ. ಬೂತಿಗೆ ಹೊಡಿ."

"ನನ್ನ ಕುತ್ತಿಗಿ?"

"ಅದು ನಿಂದು. ನೀ ನೋಡ್ಕೋ."

ಉಳಿದವರು ನಗುತ್ತಲೇ ಬೆರಳು ಒರೆಸಿಕೊಂಡರು. ಗೇಟಿನಲ್ಲಿದ್ದ ಡ್ರೈವರ್ ಅದನ್ನು ನೋಡಿದ.

ಹಿಂದೆಯೇ ಸಾಹೇಬನ ಜೀಪು!

ಕಾಲುವೆ ಏರಿಯ ಮೇಲೆ ಹತ್ತಿಸಿದೆ. ಕಿರಿದಾದ ದಾರಿ. ಟ್ರೇಲರ್ ಮುಂದಿದ್ದರೆ ಜೀಪಿಗೆ ಜಾಗವಿಲ್ಲ. ಹಾರ್ನ್ ಹೊಡೆದರು, ಬೈದರು. ಹಾರಿ ಬಂದ ಕಲ್ಲೊಂದು ನನ್ನ ಕಿವಿ ಹರಿಯಿತು. ಆಕ್ಸಿಲರೇಟರ್ ಬಿಡಲಿಲ್ಲ. ಬಳಗಾನೂರಿನ ಬೂತಿನ ಮುಂದೆ ಪೊಲೀಸರು ಕಂಡಾಗ ಡ್ರೈವರನ ಕುಡುಗೋಲು ಸೀಟಿನ ಕೆಳಗೆ ಸೇರಿತು.

ಅಮರಗುಂಡಪ್ಪ ಜೀಪಿನಿಂದ ಜಿಗಿದ. ಇವರೆಲ್ಲರ ಓಟು ಆಗಿದೆ, ಬೆರಳಿನಲ್ಲಿ ಶಾಯಿ ಇದೆ ಎಂದು ಕೂಗಾಡಿದ.

ಬೂತಿನ ಅಧಿಕಾರಿಣಿ ಆದೆಮ್ಮನ ಕೈ ಹಿಡಿದಳು. ಹೌದು, ಹಿಡಿದಳು. ಬಟ್ಟೆಯಿಂದ ಎಣ್ಣೆ ಒರೆಸಿ, ತಿರುಗಿಸಿ ನೋಡಿದಳು. ಉಗುರಿನ ಸಂದಿಯಲ್ಲಿ ಗದ್ದೆಯ ಮಣ್ಣು, ಅಷ್ಟೇ.

"ಶಾಯಿ ಐತಂತೀರಿ... ಹಚ್ಚಿದವರು ಯಾರ್ರೀ?"

ಪಕ್ಕದಲ್ಲಿದ್ದ ಪಿಎಸ್‌ಐ ಕೂಡ ಅವನತ್ತ ತಿರುಗಿದ. ಅಮರಗುಂಡಪ್ಪ ಜೀಪಿನತ್ತ ಹಿಂದೆ ಸರಿದ.

ಎಲ್ಲರೂ ಓಟು ಹಾಕಿದರು. ಮರುದಿನ ಭಾರತಿ ಮಸ್ಕಿಯಲ್ಲಿ ಕೆಲಸಕ್ಕೆ ಸೇರಿದಳು. ಎಣಿಕೆಯ ದಿನ ತಮ್ಮ ಸೋತ. ಓಟು ತಡೆಯಲು ಹೋದದ್ದಕ್ಕೆ ಅಣ್ಣನ ಮೇಲೆ ಕೇಸು ಬಿತ್ತು.

ಮೈಲಿಗೆ ಮಾತ್ರ ಆಗಲಿಲ್ಲ ಅವನಿಗೆ. ಉಳಿದದ್ದೆಲ್ಲ ಆಯಿತು.