ಜನವರಿ ಒಂದು, ಎರಡು ಸಾವಿರದ ಮೂರು

"ಪೂರಾ ರಿಪೇರಿ ಬ್ಯಾಡ್ರಿ. ಇವತ್ತೊಂದಿನ ನಡದ್ರ ಸಾಕು. ಹನ್ನೆರಡಕ್ಕ ಕುಬಸ ಅದ."

ಕಲಬುರಗಿಯ ಸೂಪರ್ ಮಾರ್ಕೆಟ್‌ನ ಗಲ್ಲಿಯಲ್ಲಿದ್ದ ಆ ಸಣ್ಣ ಅಂಗಡಿಯ ಗಾಜಿನ ಮೇಲೆ ಅಮೃತ ಕ್ಯಾಮೆರಾ ಇಟ್ಟಾಗ ಗಂಟೆ ಒಂಬತ್ತೂವರೆ. ವಾಪಸ್ ಕಮಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸು.

ಅಂಗಡಿಯ ಅಣವೀರ ಕ್ಯಾಮೆರಾ ನೋಡಿದ, ಅವಳನ್ನು ನೋಡಲಿಲ್ಲ. ಗುಂಡಿ ಒತ್ತಿದ. 'ಕಾರ್ಡ್ ಲಾಕ್' ಎಂದು ಪರದೆ ಹೇಳಿತು. ಮೆಮೊರಿ ಕಾರ್ಡ್ ಹೊರತೆಗೆದು, ಅದರ ಅಂಚಿನಲ್ಲಿದ್ದ ಜೋಳದ ಕಾಳಿನಷ್ಟು ಸಣ್ಣ ಕೀಲಿಯನ್ನು ಉಗುರಿನಿಂದ ಮೇಲೆ ಸರಿಸಿ ಮತ್ತೆ ಒಳಗೆ ಹಾಕಿದ.

"ಆತ್ರಿ."

"ಇಷ್ಟೇನ?"

"ಇಷ್ಟೇ. ಕಾರ್ಡ್ ಹಾಕುವಾಗ ಉಗುರು ತಾಗಿ ಕೆಳಗ ಸರದಿತ್ತು."

"ಅಂದ್ರ ನಂದೇ ತಪ್ಪು ಅನ್ರಿ."

"ಉಗುರಿಂದು ಅಂದೀನ್ರಿ. ನಿಮ್ದು ಅಂದಿಲ್ಲ."

ಅವಳಿಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು. ದಾರಿಯುದ್ದಕ್ಕೂ ಕಿವಿಯಲ್ಲಿ ಅದೇ ಮಾತು... 'ನಿಮ್ದು ಅಂದಿಲ್ಲ.'

ಅದು 2007. ಬಸುರಿಗೆ ಏಳನೇ ತಿಂಗಳಲ್ಲಿ ಮಾಡುವ ಕುಬಸ ಹೆಂಗಸರ ಕಾರ್ಯ. ಗಂಡು ಫೋಟೊಗ್ರಾಫರ್ ಬಂದರೆ ಕಮಲಾಪುರದ ಮನೆಗಳಲ್ಲಿ ಅವನನ್ನು ಹೊಸ್ತಿಲ ಹೊರಗೇ ನಿಲ್ಲಿಸುತ್ತಿದ್ದರು. ಅಮೃತ ಅಡುಗೆಮನೆಯವರೆಗೂ ಹೋಗುತ್ತಿದ್ದಳು. ಅವಳ ಬಳಿ ಇದ್ದದ್ದು ಯಾರೋ ಬಳಸಿ ಬಿಟ್ಟ ಡಿಜಿಟಲ್ ಕ್ಯಾಮೆರಾ, ಎರಡು ಸೆಲ್‌ನದು. ಅದಕ್ಕೆ ತಿಂಗಳಿಗೊಂದು ಕಾಯಿಲೆ.

ಹತ್ತು ಫೋಟೊ ತೆಗೆಯುವಷ್ಟರಲ್ಲಿ ಸೆಲ್ ಸಾಯತೊಡಗಿದಾಗ, ಅಣವೀರ ಸೆಲ್ ಕೂರುವ ತಗಡಿನ ತುದಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ. "ಹಳೇ ಸೆಲ್ ಜತಿಗಿ ಹೊಸಾದು ಕೂಡಿಸಬ್ಯಾಡ್ರಿ," ಎಂದ. ಲೆನ್ಸ್ ಹೊರಬಂದು ಒಳಗೆ ಹೋಗದೆ ಸಿಕ್ಕಿಕೊಂಡಾಗ, ಬ್ರಷ್‌ನಿಂದ ಅದರ ಸಂದನ್ನು ಗುಡಿಸಿದ. ಬಿಳಿ ಕಾಗದದ ಮೇಲೆ ಹಳದಿ, ಕೆಂಪು ಪುಡಿ ಉದುರಿತು.

"ಕಾರ್ಯಕ್ಕ ಹೋಗಿ ಹೋಗಿ ಅರಿಶಿಣ ಕುಂಕುಮ ಹಚ್ಚಿಸ್ಕೊಂಡದ. ನಿಮಗಿಂತ ಮೊದಲ ನಿಮ್ಮ ಕ್ಯಾಮೆರಾನೇ ಮುತ್ತೈದಿ ಆತು ನೋಡ್ರಿ."

"ಅದರ ಗಂಡ ಯಾರ್ರಿ?"

ಅಣವೀರ ಮತ್ತೆ ಬ್ರಷ್ ಆಡಿಸಿದ. ಕಿವಿ ಕೆಂಪಾದವು. ಲೆನ್ಸ್ ನೋಡುತ್ತಲೇ ಕೇಳಿದ, "ನಮ್ಮವ್ವನ್ನ ನಿಮ್ಮನಿಗಿ ಕಳಿಸ್ಲೇನ್ರಿ?"

"ಲೆನ್ಸ್‌ಗಿ ಕೇಳ್ಲಾಕತ್ತೀರೋ, ನನಗೋ?"

ಆಗ ತಲೆಯೆತ್ತಿದ. "ನಿಮಗ."

ಅವಳ ಮನೆಯಲ್ಲಿ ಮಹಾಗಾಂವದ ಹುಡುಗನೊಬ್ಬನ ಮಾತು ನಡೆದಿತ್ತು. "ಮನ್ಯಾಗ ಕೇಳಿ ಐತವಾರದೊಳಗ ತಿಳಸ್ತೀನ್ರಿ," ಎಂದಳು. ಅದು ಸೋಮವಾರ. ಲೆನ್ಸಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಕಾರ್ಡ್ ತೆಗೆದಿಟ್ಟುಕೊಂಡು ಕ್ಯಾಮೆರಾ ಅವನಲ್ಲೇ ಬಿಟ್ಟಳು. ಮಂಗಳವಾರ ಸಂಜೆ ಬಂದು ಒಯ್ದಳು.

ಬುಧವಾರ ಕಮಲಾಪುರದಲ್ಲೇ ಶಂಕ್ರಮ್ಮನ ಸೊಸೆಯ ಕುಬಸ. ಫೋಟೊ ತೆಗೆದು, ಪ್ರಿಂಟ್ ಹಾಕಿಸಲು ಕಾರ್ಡನ್ನು ಶಂಕ್ರಮ್ಮನ ಮಗನ ಕೈಗೇ ಕೊಟ್ಟಳು. ಮನೆಗೆ ಬಂದು ಕ್ಯಾಮೆರಾ ಒರೆಸುವಾಗ ಕೈ ತಾಗಿ ಪರದೆ ಹೊತ್ತಿತು.

ಕಾರ್ಡ್ ಇಲ್ಲ. ಆದರೂ ಒಂದು ಫೋಟೊ. ಕ್ಯಾಮೆರಾದ ಒಳಗಿನ ನೆನಪಿನಲ್ಲಿ ಉಳಿದದ್ದು.

ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ, ತುಂಬಿದ ಬಸುರಿ. ಪಕ್ಕದ ಮಣೆಯ ಮೇಲೆ ಅಣವೀರ. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು... 1-1-2003.

ಎಷ್ಟೋ ಕುಬಸ ನೋಡಿದವಳು ಅವಳು. ಆ ಮಣೆ ಗಂಡನದು. ತಂಗಿಯೇ? ಅವನಿಗಿದ್ದ ಒಬ್ಬಳೇ ತಂಗಿ ರೇವಮ್ಮ. ಅವಳ ಲಗ್ನವಾದದ್ದು ಹೋದ ವರ್ಷ ಎಂದು ಅವನೇ ಹೇಳಿದ್ದ. ಹಾಗಾದರೆ ನಾಲ್ಕು ವರ್ಷದ ಹಿಂದೆ ಇವಳು ಯಾರು? ಆ ಮಗು ಈಗ ಎಲ್ಲಿದೆ?

ಗುರುವಾರ ಅವಳ ತಾಯಿ ಮಲ್ಕಮ್ಮ ಮತ್ತೆ ಕೇಳಿದಾಗ ಅಮೃತ ಒಂದೇ ಮಾತು ಹೇಳಿದಳು. "ಮಹಾಗಾಂವದವರಿಗಿ ಬರ್ಲಿ ಅನ್ನವ್ವಾ."

ಹೆಣ್ಣು ನೋಡುವುದು ಐತವಾರ ಹತ್ತು ಗಂಟೆಗೆ ಎಂದು ನಿಗದಿಯಾಯಿತು. ಶುಕ್ರವಾರ ಅಣವೀರ ಎರಡು ಸಲ ಫೋನ್ ಮಾಡಿದ. ಎರಡೂ ಸಲ, ಮನೆಯಲ್ಲಿಲ್ಲ ಎಂದು ತಾಯಿಯಿಂದ ಹೇಳಿಸಿದಳು. ಆಮೇಲೆ ಅಂಗಳ, ಮಾಳಿಗೆ, ಮತ್ತೆ ಅಂಗಳ... ಕೂತಲ್ಲಿ ಕೂರಲಾಗಲಿಲ್ಲ. 'ಕೇಳಿಬಿಡಲೇ? ಕೇಳಿ, ಹೌದು ಅಂದರೆ?'

ಶನಿವಾರ ಮಧ್ಯಾಹ್ನ ಶಂಕ್ರಮ್ಮ ಫೋಟೊಗಳ ಲಕೋಟೆ ಹಿಡಿದು ಬಾಗಿಲಿಗೇ ಬಂದಳು.

"ಏನವಾ ಅಮೃತಾ, ನಮ್ಮ ಮನಿ ಮರ್ಯಾದಿ ತೆಗೀಲಾಕ ನಿಂತೀಯೇನು?"

"ಏನಾತ್ರೆಮ್ಮಾ?"

"ನನ್ನ ಸೊಸಿ ನಮ್ಮನಿಗಿ ಬಂದು ಹದಿನಾಲ್ಕು ತಿಂಗಳಾತು. ನೀ ಅಕಿಗಿ ನಾಲ್ಕು ವರ್ಷದ ಹಿಂದೇ ಬಸುರಿ ಮಾಡಿಟ್ಟಿ. ಬೀಗರು ಫೋಟೊ ತಿರುವಿ ತಿರುವಿ ನಗ್ಲಾಕತ್ತಾರ."

ಅಮೃತ ಲಕೋಟೆ ಕಸಿದುಕೊಂಡಳು. ಒಂದು, ಎರಡು, ಹತ್ತು... ಬುಧವಾರವಷ್ಟೇ ತೆಗೆದ ಎಲ್ಲ ಫೋಟೊಗಳ ಮೂಲೆಯಲ್ಲೂ ಅದೇ 1-1-2003.

"ಖರೆ ಅದ್ರೆಮ್ಮಾ... ಖರೆ ಅದ," ಎಂದಳು. ಅಳುತ್ತಾ ನಗುತ್ತಿದ್ದಳು.

"ಏನು ಖರೆ? ಈ ಹುಡಿಗಿಗಿ ಏನಾಗ್ಯಾದ ಮಲ್ಕಮ್ಮಾ?"

ಮಲ್ಕಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಅಮೃತ ಕ್ಯಾಮೆರಾ ಹಿಡಿದು ರಸ್ತೆಗೆ ಬಂದಿದ್ದಳು. ಬಸ್ ಇರಲಿಲ್ಲ, ಟೆಂಪೊ ಸಿಕ್ಕಿತು. ಅದು ಮಹಾಗಾಂವ ಕ್ರಾಸ್‌ನಲ್ಲಿ ಜನ ತುಂಬಿಕೊಳ್ಳಲು ಇಪ್ಪತ್ತು ನಿಮಿಷ ನಿಂತಿತು. ನಾಳೆ ತನ್ನನ್ನು ನೋಡಲು ಬರುವವರ ಊರು... ಅವಳು ಆ ಕಡೆ ನೋಡಲೇ ಇಲ್ಲ.

ಅಂಗಡಿಯಲ್ಲಿ ಅಣವೀರ ಫೋನಿನ ಮುಂದೆ ಸುಮ್ಮನೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಮತ್ತೇನು ಕೆಟ್ಟದ್ರಿ?"

ಅವಳು ಕಾರ್ಡ್ ಇಲ್ಲದ ಕ್ಯಾಮೆರಾದ ಪರದೆ ತೋರಿಸಿದಳು. "ಇವರು ಯಾರ್ರಿ?"

"ರೇವಮ್ಮ, ನನ್ನ ತಂಗಿ. ಮಂಗಳವಾರ ಮಧ್ಯಾಹ್ನ ಬ್ರಹ್ಮಪುರದಾಗ ನಮ್ಮನ್ಯಾಗ ಕುಬಸ ಇತ್ತು. ಅಕಿ ಗಂಡಗ ರಜಾ ಸಿಗ್ಲಿಲ್ಲ. ಮಣಿ ಖಾಲಿ ಇರಬಾರದಂತ ನನಗ ಕೂಡಿಸಿದ್ರು. ರಿಪೇರಿ ಆತೇನಂತ ನೋಡ್ಲಾಕ ನಿಮ್ಮ ಕ್ಯಾಮೆರಾ ಒಯ್ದಿದ್ದೆ. ಫೋಟೊ ನಮ್ಮವ್ವ ತಗದಾಳ, ಆ ತುದಿಗಿ ಬೆರಳು ಬಂದದ ನೋಡ್ರಿ..." ಅವನ ಮಾತು ನಿಂತಿತು. ತಾರೀಖು ಕಂಡಿತ್ತು.

"ನಾ ತಿಳ್ಕೊಂಡಿದ್ದು..." ಅವಳು ಮುಗಿಸಲಿಲ್ಲ. ಅವನಿಗೆ ತಿಳಿಯಿತು.

"ಒಳಗಿನ ಸಣ್ಣ ಬ್ಯಾಟರಿ ಸತ್ತದ," ಎಂದ ಮೆಲ್ಲಗೆ. "ಸೆಲ್ ತಗದಾಗೆಲ್ಲಾ ತಾರೀಖು ಹಿಂದಕ್ಕ ಹೋಗ್ತದ. ನೋಡದೇ ಕೊಟ್ಟೆ. ಈ ಸಲ ಉಗುರಿಂದಲ್ರಿ, ನಂದೇ ತಪ್ಪು."

"ಊರ ಮಂದಿ ಕುಬಸಕ್ಕೆಲ್ಲಾ ಹೋಗ್ತೀನಿ. ನಿಮ್ಮನಿ ಕುಬಸಕ್ಕ ನನಗ ಯಾಕ ಕರೀಲಿಲ್ರಿ?"

"ಕರೀತೀನಿ ಅಂದೆ. ಅವ್ವ ಬೈದಳು. ಸೊಸಿ ಮಾಡ್ಕೊಬೇಕಂತೀದಿ, ಹೆಣ್ಣು ನೋಡೂಕಿಂತ ಮೊದಲ ನಮ್ಮ ಹೊಸ್ತಿಲ ದಾಟಸ್ತೀಯೇನು ಅಂದಳು."

ಅಮೃತ ತಲೆ ತಗ್ಗಿಸಿದಳು. ಹೊರಗೆ ಆಟೊಗಳ ಗದ್ದಲ. ಗಾಜಿನ ಮೇಲೆ ಒಂದು ಹನಿ ಬಿತ್ತು.

"ಕ್ಯಾಮೆರಾ ಕೆಟ್ಟಾಗೆಲ್ಲ ಓಡಿ ಬಂದು ನಿಮಗೇ ಕೇಳಿದೆ. ನನ್ನ ಮನಸ್ಸು ಕೆಟ್ಟಾಗ ಕೇಳ್ಲಿಲ್ಲ."

"ಈಗ ಬಂದೀರಲ್ಲ."

"ನಾಳಿ ಹತ್ತಕ್ಕ ಮಹಾಗಾಂವದವರು ನೋಡ್ಲಾಕ ಬರ್ತಾರ. ನಾನೇ ಬರ್ಲಿ ಅಂದಿದ್ದೆ. ಇವತ್ತು ಹೋಗಿ ಬ್ಯಾಡ ಅಂತೀನಿ. ಯಾಕಂತ ಅಪ್ಪ ಕೇಳ್ತಾನ." ಅವಳು ಕಣ್ಣೊರೆಸಿಕೊಂಡು ನೇರ ನೋಡಿದಳು. "ಆ ಉತ್ತರ ಬೆಳಿಗ್ಗಿ ಎಂಟಕ್ಕ ನಮ್ಮ ಬಾಗಿಲಾಗ ನಿಂತಿರಬೇಕು. ನಿಮ್ಮವ್ವನ್ನ ಕರ್ಕೊಂಡು."

"ಏಳಕ್ಕೇ ನಿಂತಿರ್ತೀನಿ."

ಅವನು ಕ್ಯಾಮೆರಾ ಅವಳ ಕಡೆ ಸರಿಸಿದ. ಅವಳು ಗುಂಡಿ ಒತ್ತುತ್ತ ಹೋದಳು. ವರ್ಷ, ತಿಂಗಳು, ದಿನ. 2003 ಹೋಗಿ 2007 ಬಂತು.

"ಆ ಫೋಟೊ ಅಳಿಸ್ಲೇನು?" ಅಣವೀರ ಕೇಳಿದ.

"ಬ್ಯಾಡ, ಇರ್ಲಿ. ಅತ್ತಿ ಬೆರಳು ಅದ ಅದರಾಗ."